ಅಕ್ಕನ ಬಾಗಿದ ಬೆನ್ನು



ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಹಿರಿಯರ ಭಾನುವಾರವನ್ನು ಆಚರಿಸುವ ವಾಡಿಕೆಯಿದೆ. ಎಪ್ಪತ್ತು ದಾಟಿದವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ, ಆರಾಧನೆಯ ಕೊನೆಯಲ್ಲಿ ಶಾಲು ಹೊದಿಸಿ, ಅವರ ದೀರ್ಘಾಯುಸ್ಸಿಗಾಗಿ ದೇವರನ್ನು ಸ್ತುತಿಸುತ್ತೇವೆ. ನಿಮ್ಮ ಸಭೆಗಳಲ್ಲಿಯೂ ಇಂಥದೊಂದು ದಿನ ಇರಬಹುದು. ಕಳೆದ ಬಾರಿ ನನ್ನ ಹೆಸರೂ ಆ ಪಟ್ಟಿಯಲ್ಲಿ ಸೇರಿತ್ತು. ಪಕ್ಕದಲ್ಲಿ ನನ್ನ ಅಕ್ಕ ಕುಳಿತಿದ್ದಳು. ಹೆಸರು ಕರೆದಾಗ ನಾನು ಎದ್ದು ನಡೆದುಹೋದೆ. ಅಕ್ಕ ಎರಡೂ ಕೈಗಳಿಂದ ಬೆಂಚನ್ನು ಹಿಡಿದು ಮೆಲ್ಲನೆ ಎದ್ದಳು. ಎದ್ದ ಮೇಲೂ ಅವಳ ಮುಖ ನೆಲದ ಕಡೆಗೇ ಇತ್ತು. ಬಾಗಿದ ಹೆಗಲ ಮೇಲೆ ಶಾಲು ನಿಲ್ಲದೆ ಜಾರಿತು. ಹೊದಿಸಲು ಬಂದ ಯುವಕ ಅದನ್ನು ಎರಡು ಬಾರಿ ಸರಿಪಡಿಸಿ, ಕೊನೆಗೆ ಮಡಚಿ ಅವಳ ಕೈಗೇ ಕೊಟ್ಟ.

ಆರಾಧನೆ ಮುಗಿದು ಚಹಾ ಕುಡಿಯುತ್ತಿದ್ದಾಗ, ಸಭೆಗೆ ಹೊಸದಾಗಿ ಸೇರಿದ ಸಹೋದರರೊಬ್ಬರು ಬಹಳ ಗೌರವದಿಂದ ನನ್ನನ್ನು ಕೇಳಿದರು: "ಇವರು ತಮ್ಮ ತಾಯಿಯವರೇ?"

ಅಕ್ಕ ನನಗಿಂತ ಮೂರೇ ವರ್ಷ ದೊಡ್ಡವಳು.

ಆಕೆ ಬೇಸರಪಡಲಿಲ್ಲ. "ಎತ್ತಿ ಆಡಿಸಿದವಳು ನಾನೇ ಅಲ್ಲವೇ, ತಾಯಿ ಎಂದರೂ ತಪ್ಪಿಲ್ಲ" ಎಂದು ನಕ್ಕುಬಿಟ್ಟಳು. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಒಂದೇ ಮಾಡಿನ ಕೆಳಗೆ ಬೆಳೆದವರು. ಹಾಗಿರುವಾಗ ನಾನು ಮುಂಜಾನೆ ಎರಡು ಮೈಲಿ ನಡೆದು ಬರುವವನು, ಅವಳು ಅಂಗಳದಿಂದ ಜಗಲಿಗೆ ಹತ್ತಲು ಉಸಿರು ಕಟ್ಟಿ ನಿಲ್ಲುವವಳು ಆದುದು ಹೇಗೆ? ಈ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಎರಡು ದಾರಿಗಳು

ಅಕ್ಕ ಹುಟ್ಟಿದ್ದು 1951ರಲ್ಲಿ, ನಾನು 1954ರಲ್ಲಿ. ತಂದೆಯವರು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. 1962ರಲ್ಲಿ ಅವರು ತೀರಿಕೊಂಡಾಗ ಅಕ್ಕ ಐದನೆಯ ತರಗತಿ ಮುಗಿಸಿದ್ದಳು. ಅವಳು ಮತ್ತೆ ಶಾಲೆಯ ಮೆಟ್ಟಲು ಹತ್ತಲಿಲ್ಲ. ಯಾರೂ ಅವಳಿಗೆ ಹೋಗಬೇಡ ಎಂದು ಹೇಳಿದ ನೆನಪಿಲ್ಲ. ಹೋಗು ಎಂದೂ ಯಾರೂ ಹೇಳಲಿಲ್ಲ. ಅಮ್ಮನ ಪಕ್ಕದಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಲು ಕುಳಿತಳು.

ಕರಾವಳಿಯ ಓದುಗರಿಗೆ ಬೀಡಿಯ ಕೆಲಸವನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಹಿಂದಿನ ರಾತ್ರಿಯೇ ಎಲೆಗಳನ್ನು ನೀರಿನಲ್ಲಿ ನೆನೆಸಿಡಬೇಕು. ಬೆಳಗ್ಗೆ ಅಳತೆಗೆ ಸರಿಯಾಗಿ ಕತ್ತರಿಸಿ, ಹೊಗೆಸೊಪ್ಪಿನ ಹುಡಿಯನ್ನಿಟ್ಟು ಸುರುಳಿ ಸುತ್ತಿ, ನೂಲು ಕಟ್ಟಿ, ತುದಿಯನ್ನು ಒಳಕ್ಕೆ ಮಡಚಬೇಕು. ದಿನಕ್ಕೆ ಸಾವಿರ ಬೀಡಿ ಎಂದರೆ ಸಾವಿರ ಬಾರಿ ಇದೇ ಕೆಲಸ. ಕತ್ತು ಬಗ್ಗಿಸಿ, ಬೆನ್ನು ಬಾಗಿಸಿ, ಹುಡಿಯ ಘಾಟನ್ನು ಉಸಿರಾಡುತ್ತ. ಸಂಜೆ ಬೀಡಿಯನ್ನು ಬ್ರಾಂಚಿಗೆ ಒಯ್ದರೆ ಅಲ್ಲಿ ಆಯ್ದು, ಸರಿಯಿಲ್ಲದ ಕಟ್ಟುಗಳನ್ನು ತೆಗೆದುಹಾಕುತ್ತಿದ್ದರು. ಅವುಗಳಿಗೆ ಕೂಲಿಯಿಲ್ಲ. ಉಳಿದುದರಲ್ಲಿ ಅಕ್ಕಿ, ಸೀಮೆಎಣ್ಣೆ ಮತ್ತು ನನ್ನ ಶಾಲೆಯ ಶುಲ್ಕ.

ಹೌದು, ನನ್ನ ಶುಲ್ಕ. 1970ರಲ್ಲಿ ನಾನು ಎಸ್‌.ಎಸ್‌.ಎಲ್‌.ಸಿ. ಮುಗಿಸಿದ್ದು, ಮುಂದೆ ಕಾಲೇಜು ಸೇರಿದ್ದು, 1975ರಲ್ಲಿ ಬ್ಯಾಂಕಿನ ಕೆಲಸಕ್ಕೆ ಆಯ್ಕೆಯಾದದ್ದು ಎಲ್ಲವೂ ಆ ಮೊರದ ಮೇಲಿನಿಂದ ಬಂದ ಕಾಸಿನಿಂದ. ನನಗೆ ಕುರ್ಚಿ, ಫ್ಯಾನು, ವರ್ಷಕ್ಕಿಷ್ಟು ರಜೆ, ಕಾಯಿಲೆಯಾದರೆ ವೈದ್ಯಕೀಯ ವೆಚ್ಚ, 60 ತುಂಬಿದಾಗ ನಿವೃತ್ತಿ ವೇತನ ಎಲ್ಲವೂ ದೊರೆತವು. ಅಕ್ಕ ಮದುವೆಯಾದಳು, ಮೂವರು ಮಕ್ಕಳನ್ನು ಹೆತ್ತಳು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಮತ್ತೆ ಮೊರದ ಮುಂದೆ ಕುಳಿತಳು. ಹೀಗೆ ಐವತ್ತಕ್ಕೂ ಹೆಚ್ಚು ವರ್ಷ.

ನಾನು ಮೂವತ್ತೊಂಬತ್ತು ವರ್ಷ ಊರವರ ಲೆಕ್ಕಗಳನ್ನು ಪೈಸೆ ತಪ್ಪದಂತೆ ಬರೆದವನು. ಈ ಒಂದು ಲೆಕ್ಕವನ್ನು ಮಾತ್ರ ತೆರೆದು ನೋಡಿರಲಿಲ್ಲ.

ತುಂಡು ಮಾಡಿದ ಗುಳಿಗೆಗಳು

ಕೆಲವು ವರ್ಷಗಳ ಹಿಂದೆ ಅಕ್ಕ ರಕ್ತದೊತ್ತಡ ಏರಿ ಬಚ್ಚಲಿನ ಬಳಿ ಬಿದ್ದಳು. ಆಸ್ಪತ್ರೆಗೆ ಸೇರಿಸಿದೆವು. ನಾನು ಹಾಸಿಗೆಯ ಪಕ್ಕದಲ್ಲಿ ನಿಂತು, ನಾಲ್ಕು ಜನ ಕೇಳುವಂತೆ ಅವಳನ್ನು ಗದರಿಸಿದೆ: "ಎಷ್ಟು ಸಲ ಹೇಳಿದ್ದೇನೆ, ಗುಳಿಗೆಯನ್ನು ತಪ್ಪದೆ ತೆಗೆದುಕೋ ಎಂದು! ನಿನ್ನ ಅಸಡ್ಡೆಯೇ ಇದಕ್ಕೆಲ್ಲ ಕಾರಣ." ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಮರುದಿನ ಬಟ್ಟೆ ತರಲು ಅವಳ ಮನೆಗೆ ಹೋದಾಗ ಕಪಾಟಿನಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಅದರಲ್ಲಿ ಅವಳ ಗುಳಿಗೆಗಳಿದ್ದವು, ಒಂದೊಂದೂ ಎರಡು ತುಂಡಾಗಿ. ಪಕ್ಕದಲ್ಲೇ ಬೀಡಿ ಎಲೆಯ ಹಳೆಯ ಕತ್ತರಿಯಿತ್ತು. ಒಂದು ತಿಂಗಳ ಔಷಧವನ್ನು ಎರಡು ತಿಂಗಳು ಬರಿಸುವ ಉಪಾಯ ಅದು. ನನ್ನನ್ನು ಏಕೆ ಕೇಳಲಿಲ್ಲ ಎಂದರೆ, "ನಿನಗೂ ಸಂಸಾರವಿದೆಯಲ್ಲ" ಎಂದಳು. ನನ್ನನ್ನು ಓದಿಸುವಾಗ ಅವಳು ಎಂದೂ ಆಡದ ಮಾತು ಅದು.

ಅವಳನ್ನು ನೋಡುತ್ತಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ಬೆನ್ನಿನ ಎಕ್ಸ್‌-ರೇ ನೋಡಿ, ಎದೆಯ ಸದ್ದು ಕೇಳಿ, ನಾನು ನಿರೀಕ್ಷಿಸದ ಪ್ರಶ್ನೆಗಳನ್ನು ಕೇಳಿದರು. ಚಿಕ್ಕಂದಿನಲ್ಲಿ ಹಾಲು, ಮೊಟ್ಟೆ, ಮೀನು ಹೊಟ್ಟೆ ತುಂಬ ಸಿಗುತ್ತಿತ್ತೇ? ಎಷ್ಟನೆಯ ವಯಸ್ಸಿನಿಂದ ಈ ಕೆಲಸ? ಅಡಿಗೆಗೆ ಎಷ್ಟು ವರ್ಷ ಸೌದೆ ಒಲೆ? ನಾನು "ಈಗ ವಯಸ್ಸಾಯಿತಲ್ಲ ಡಾಕ್ಟರೇ" ಎಂದೆ. ಅವರು ತಲೆಯೆತ್ತಿ, "ತಮಗೂ ಆಗಿದೆಯಲ್ಲವೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಅವರು ತಾಳ್ಮೆಯಿಂದ ವಿವರಿಸಿದರು. ನಮ್ಮ ಮೂಳೆಗಳು ಬಲಗೊಳ್ಳುವುದು ಬಾಲ್ಯದಲ್ಲಿ ಮತ್ತು ಯೌವನದಲ್ಲಿ. ಸುಮಾರು ಮೂವತ್ತರ ವಯಸ್ಸಿಗೆ ಆ ಸಂಗ್ರಹ ಪೂರ್ಣವಾಗುತ್ತದೆ. ಅಲ್ಲಿಂದ ಮುಂದೆ ನಾವು ಖರ್ಚು ಮಾಡುವುದು ಅದನ್ನೇ. ಠೇವಣಿ ದೊಡ್ಡದಿದ್ದವನಿಗೆ ಎಪ್ಪತ್ತರಲ್ಲಿಯೂ ಉಳಿಕೆ ಇರುತ್ತದೆ. ಬೆಳೆಯುವ ಪ್ರಾಯದಲ್ಲಿ ಅರೆಹೊಟ್ಟೆ ಉಂಡು, ಒಂದರ ಹಿಂದೆ ಒಂದರಂತೆ ಹೆತ್ತು ಮೊಲೆಯೂಡಿದವಳಿಗೆ ಇರುವುದಿಲ್ಲ. ಶ್ವಾಸಕೋಶವೂ ಹಾಗೆಯೇ. ಒಲೆಯ ಹೊಗೆ ಮತ್ತು ಕೆಲಸದ ಧೂಳು ಅದರ ಶಕ್ತಿಯನ್ನು ವರ್ಷವರ್ಷವೂ ಕೊರೆಯುತ್ತವೆ. ಎದುಸಿರು ಕಾಣಿಸಿಕೊಳ್ಳುವುದು ಮಾತ್ರ ಮುಪ್ಪಿನಲ್ಲಿ.

ಆಗ ನನಗೆ ನಮ್ಮ ಮನೆಯ ಊಟದ ಕ್ರಮ ನೆನಪಾಯಿತು. ಒಂದೇ ಗಡಿಗೆಯ ಗಂಜಿ ಎಂದು ನಾನು ಹೇಳಿಕೊಂಡು ಬಂದಿದ್ದೆ. ನಿಜ, ಗಡಿಗೆ ಒಂದೇ. ಆದರೆ ಮೊದಲು ಬಡಿಸುತ್ತಿದ್ದುದು ತಂದೆಗೆ, ಅನಂತರ ನನಗೆ. ಮೀನಿನ ನಡುತುಂಡು ನನಗೆ. ಕೊನೆಗೆ ಉಳಿದ ತಿಳಿಯಲ್ಲಿ ಅಮ್ಮನೂ ಅಕ್ಕನೂ.

ಮೈಸೂರಿನ ಹಳೆಯ ದಾಖಲೆಗಳು

ವೈದ್ಯೆಯ ಮಾತು ಕೇಳಿದ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ಹಾಗೆ ಓದುವಾಗ ಆಶ್ಚರ್ಯವೆನಿಸಿದ್ದು, ಈ ಜ್ಞಾನದ ಒಂದು ಮುಖ್ಯ ಭಾಗ ನಮ್ಮದೇ ಸಭೆಯ ಆಸ್ಪತ್ರೆಯಿಂದ ಬಂದುದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ಮೆಥಡಿಸ್ಟ್ ಮಿಷನರಿಗಳು ಸ್ತ್ರೀಯರಿಗೂ ಮಕ್ಕಳಿಗೂ ಎಂದು ಆರಂಭಿಸಿದ ಸೇವೆ ಅದು. ಅಲ್ಲಿನ ಹೆರಿಗೆ ಕೋಣೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಶ್ರದ್ಧೆಯಿಂದ ಬರೆದಿಡುತ್ತಿದ್ದರು. ಬರೆದ ದಾದಿಯರಿಗೆ ಅದು ದಿನನಿತ್ಯದ ಕರ್ತವ್ಯ. ಮುಂದೊಂದು ದಿನ ಲೋಕದ ವಿದ್ವಾಂಸರು ಆ ಪುಸ್ತಕಗಳನ್ನು ತೆರೆದು ಓದುವರೆಂದು ಅವರು ಭಾವಿಸಿರಲಾರರು.

ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯ ವಿಜ್ಞಾನಿ, ತಾಯಿಯ ಗರ್ಭದಲ್ಲಿ ಮಗುವಿಗೆ ದೊರೆತ ಪೋಷಣೆಗೂ ಮಧ್ಯವಯಸ್ಸಿನ ಮೇಲೆ ಬರುವ ಹೃದ್ರೋಗಕ್ಕೂ ಸಂಬಂಧವಿದೆ ಎಂದು ವಾದಿಸುತ್ತಿದ್ದ ಕಾಲವದು. ಆತನೂ ಸಂಗಡಿಗರೂ ಮೈಸೂರಿನ ಆ ದಾಖಲೆಗಳನ್ನು ಹಿಡಿದು, 1934ರಿಂದ 1954ರೊಳಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ ಸಮೀಪದಲ್ಲೇ ವಾಸವಿದ್ದ 517 ಸ್ತ್ರೀಪುರುಷರನ್ನು ಪರೀಕ್ಷಿಸಿದರು. 1996ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಮೂರು ಕಿಲೋ ದಾಟಿ, ಏಳು ಪೌಂಡು ಅಥವಾ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ 3. ಬಸುರಿಯಾಗಿದ್ದಾಗ ಬಡಕಲಾಗಿದ್ದ ತಾಯಂದಿರ ಸಣ್ಣ ಶಿಶುಗಳಿಗೆ ಅಪಾಯ ಇನ್ನೂ ಹೆಚ್ಚು.

ಹುಟ್ಟುವಾಗಲೇ ಎಲ್ಲವೂ ನಿರ್ಧಾರವಾಗುತ್ತದೆ ಎಂದು ಇದರಿಂದ ತಿಳಿಯಬಾರದು. ಸಣ್ಣಗೆ ಹುಟ್ಟಿದ ಬಹುಮಂದಿಗೆ ಆ ಕಾಯಿಲೆ ಇರಲಿಲ್ಲ. ಆದರೆ ಒಬ್ಬ ಅಜ್ಜನ ಎದೆನೋವಿನ ಹಿಂದೆ, ಅವನು ಹುಟ್ಟುವ ಮೊದಲು ಅವನ ತಾಯಿ ಉಣ್ಣದೆ ಮಲಗಿದ ರಾತ್ರಿಗಳೂ ಇರಬಹುದೆಂಬುದನ್ನು ನಮ್ಮ ಮಿಷನ್ ಆಸ್ಪತ್ರೆಯ ಪುಸ್ತಕಗಳು ಲೋಕಕ್ಕೆ ತಿಳಿಸಿದವು. ಶಾಲೆಯ ವಿಷಯವೂ ಹೀಗೆಯೇ. ಮುಪ್ಪಿನ ಮರೆವಿನ ರೋಗದ ಬಗ್ಗೆ 2024ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ಆಯೋಗದ ವರದಿಯು ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಎಳವೆಯಲ್ಲಿ ಶಿಕ್ಷಣ ಕಡಿಮೆಯಾಗುವುದೂ ಒಂದು. ಐದನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿ ಕಳೆದುಕೊಳ್ಳುವುದು ಉದ್ಯೋಗವನ್ನು ಮಾತ್ರವಲ್ಲ.

ಬಡತನವೊಂದೇ ಕಾರಣವೇ?

ಇದೆಲ್ಲ ಕಡುಬಡವರ ಕಥೆ, ಗಂಜಿಗೆ ತೊಂದರೆಯಿಲ್ಲದ ನಮಗೆ ಸಂಬಂಧಿಸಿದ್ದಲ್ಲ ಎಂದು ತಮಗೆ ತೋರಬಹುದು. ಅದಕ್ಕಾಗಿ ದೂರದ ಲಂಡನ್ನಿನ ಒಂದು ಸಂಗತಿಯನ್ನು ಹೇಳುತ್ತೇನೆ. 1967ರಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳ ಸುಮಾರು 18,000 ಪುರುಷ ನೌಕರರ ಆರೋಗ್ಯದ ಅಧ್ಯಯನ ಆರಂಭವಾಯಿತು. ಅವರಲ್ಲಿ ಯಾರೂ ಹಸಿದವರಲ್ಲ, ನಿರುದ್ಯೋಗಿಗಳಲ್ಲ. ಆದರೂ ಕೆಳದರ್ಜೆಯ ಜವಾನರೂ ದ್ವಾರಪಾಲಕರೂ ಸಾಯುವ ಪ್ರಮಾಣ ಮೇಲ್ದರ್ಜೆಯ ಅಧಿಕಾರಿಗಳದರ ಸುಮಾರು ಮೂರರಷ್ಟಿತ್ತು. ನಡುವಿನವರು ನಡುವೆಯೇ ಇದ್ದರು. ಒಂದೊಂದು ಮೆಟ್ಟಲು ಇಳಿದಂತೆ ಆಯುಷ್ಯವೂ ಇಳಿಯುತ್ತಿತ್ತು. ಧೂಮಪಾನ, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರದ ಹೆಚ್ಚಿನ ಪಾಲು ಹಾಗೆಯೇ ಉಳಿಯಿತು. 1985ರಲ್ಲಿ ಸ್ತ್ರೀಯರನ್ನೂ ಸೇರಿಸಿ ನಡೆಸಿದ ಎರಡನೆಯ ಅಧ್ಯಯನವು, ತನ್ನ ಕೆಲಸದ ಮೇಲೆ ತನಗೇ ಯಾವ ಹಿಡಿತವೂ ಇಲ್ಲದವನ ಹೃದಯಕ್ಕೆ ಅಪಾಯ ಹೆಚ್ಚೆಂದು ತೋರಿಸಿತು. ಎರಡನ್ನೂ ಲೋಕಕ್ಕೆ ವಿವರಿಸಿದ ಮೈಕೆಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2008ರಲ್ಲಿ ಈ ವಿಷಯದ ವರದಿಯನ್ನು ನೀಡಿತು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದುದು ಬ್ರಾಂಚಿನ ಕಟ್ಟೆಯ ಬಳಿ ನಿಂತ ಅಕ್ಕ. ಇಡೀ ದಿನದ ದುಡಿಮೆಯನ್ನು ಇನ್ನೊಬ್ಬನು ಎರಡು ಬೆರಳಲ್ಲಿ ಎತ್ತಿ ಒಳ್ಳೆಯದು, ಕೆಟ್ಟದ್ದು ಎಂದು ತೀರ್ಮಾನಿಸುವಾಗ ಮಾತನಾಡದೆ ನಿಲ್ಲುವುದು. ಇಂದು ಎಷ್ಟು ಹೋಯಿತೋ, ನಾಳೆ ಎಲೆ ಸಿಗುವುದೋ ಇಲ್ಲವೋ ಎಂದು ಪ್ರತಿ ಸಂಜೆಯೂ ಅಂಜುವುದು. ಆ ಅಂಜಿಕೆಯೂ ದೇಹದೊಳಗೆ ಇಳಿಯುತ್ತದೆ ಎಂದು ನಾನು ಅರಿತಿರಲಿಲ್ಲ.

ಕಾನೂನುಗಳು ಬರಲಿಲ್ಲವೆಂದಲ್ಲ. 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂತು; 1976ರಲ್ಲಿ ಕಲ್ಯಾಣನಿಧಿ, 1977ರಲ್ಲಿ ಭವಿಷ್ಯನಿಧಿ. ಅವುಗಳಿಗಾಗಿ ಹೋರಾಡಿದವರಿಗೆ ನಾವು ಋಣಿಗಳು. ಆದರೆ ಮದುವೆಯಾಗಿ ಬ್ರಾಂಚು ಬದಲಾದಾಗ, ಕಾಗದದಲ್ಲಿ ಹೆಸರು ತಪ್ಪಾದಾಗ, ಅಕ್ಕನ ಎಷ್ಟೋ ವರ್ಷಗಳ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಯಿತು. ಭವಿಷ್ಯನಿಧಿಯ ಪಿಂಚಣಿ 2014ರಲ್ಲಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು ನಿಗದಿಯಾಯಿತು. ಅಕ್ಕನ ಕೈಗೆ ಬರುವುದು ಅದಕ್ಕಿಂತ ತುಸು ಹೆಚ್ಚು. ಅದನ್ನು ಪಡೆಯಲು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪ್ರಮಾಣ ಕೊಡಬೇಕು. ಯಂತ್ರ ಅವಳ ಬೆರಳನ್ನು ಗುರುತಿಸುವುದಿಲ್ಲ. ಐವತ್ತು ವರ್ಷ ಎಲೆ ಸುತ್ತಿ ಬೆರಳಿನ ಗೆರೆಗಳು ಸವೆದುಹೋಗಿವೆ.

ಕರ್ತನು ಕಂಡದ್ದು

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬೆನ್ನು ಬಾಗಿದ ಒಬ್ಬ ಸ್ತ್ರೀಯ ಸಂಗತಿಯಿದೆ. 18 ವರ್ಷ ಆಕೆಗೆ ಮೈಯನ್ನು ನೆಟ್ಟಗೆ ಮಾಡಲು ಆಗಿರಲಿಲ್ಲ. ನಾನು ಇದನ್ನು ಬಾಲ್ಯದಿಂದ ಸ್ವಸ್ಥತೆಯ ಒಂದು ಅದ್ಭುತವೆಂದೇ ಓದಿದ್ದೆ. ಈಗ ಓದುವಾಗ ಬೇರೆ ವಿಷಯಗಳು ಕಾಣುತ್ತಿವೆ. ಆಕೆ ಯಾರನ್ನೂ ಬೇಡಿಕೊಳ್ಳಲಿಲ್ಲ. ಯೇಸು ತಾನಾಗಿ ಆಕೆಯನ್ನು ಕಂಡನು, ಕರೆದನು. ಆಕೆಯ ವಯಸ್ಸನ್ನಾಗಲಿ ತಪ್ಪನ್ನಾಗಲಿ ಕೇಳಲಿಲ್ಲ. ಆಕೆ ಕಟ್ಟಲ್ಪಟ್ಟವಳು, ಬಿಚ್ಚಬೇಕಾದವಳು ಎಂಬಂತೆ ಮಾತನಾಡಿದನು. ಸಭಾಮಂದಿರದ ಅಧಿಕಾರಿ ಸಬ್ಬತ್ತಿನ ನೇಮವನ್ನು ಮುಂದೊಡ್ಡಿದಾಗ, ನೀವು ನಿಮ್ಮ ಎತ್ತನ್ನೂ ಕತ್ತೆಯನ್ನೂ ಬಿಚ್ಚಿ ನೀರಿಗೆ ಒಯ್ಯುವುದಿಲ್ಲವೇ ಎಂದು ಕೇಳಿ, ಆಕೆಯನ್ನು ಅಬ್ರಹಾಮನ ಮಗಳೆಂದು ಕರೆದನು.

ಅಕ್ಕ ಐವತ್ತು ವರ್ಷ ನಮ್ಮದೇ ದೇವಾಲಯದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಅವಳ ಬೆನ್ನು ಒಂದೇ ದಿನದಲ್ಲಿ ಬಾಗಲಿಲ್ಲ; ನಮ್ಮೆಲ್ಲರ ಕಣ್ಣ ಮುಂದೆ, ವರ್ಷಕ್ಕೆ ಇಷ್ಟಿಷ್ಟಾಗಿ ಬಾಗಿತು. ನಾವು ಅದನ್ನು ವಯಸ್ಸು ಎಂದೆವು, ದೈವಚಿತ್ತ ಎಂದೆವು. ನಾನಂತೂ ಅಸಡ್ಡೆ ಎಂದೆ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ವಿಚಾರಿಸಿದ ಶಿಷ್ಯರಿಗಿಂತ ನಾನು ಯಾವುದರಲ್ಲಿ ಮೇಲು?

ಪ್ರಿಯರೇ, ವೃದ್ಧಾಪ್ಯದ ಆರೋಗ್ಯ ವೃದ್ಧಾಪ್ಯದಲ್ಲಿ ಮಾತ್ರ ರೂಪುಗೊಳ್ಳುವುದಿಲ್ಲ. ಹಾಗಾದರೆ ಹಿರಿಯರ ಸೇವೆಯೂ ಹಿರಿಯರ ಭಾನುವಾರದಲ್ಲಿ ಮುಗಿಯಲಾರದು. ಅದು ನಮ್ಮ ನಮ್ಮ ಮನೆಯ ಗಡಿಗೆಯಿಂದ ಆರಂಭವಾಗಬೇಕು. ಬಸುರಿ ಸೊಸೆಯ ತಟ್ಟೆಯಲ್ಲಿ, ಬೆಳೆಯುವ ಮಗಳ ತಟ್ಟೆಯಲ್ಲಿ ಏನಿದೆ ಎಂದು ನೋಡೋಣ. ನೆರೆಯ ಯಾವ ಹುಡುಗಿಯಾದರೂ ಶಾಲೆ ಬಿಡುವ ಹಂತದಲ್ಲಿದ್ದರೆ ಸಭೆಯ ಹಣ ಮೊದಲು ಅಲ್ಲಿಗೆ ಹೋಗಲಿ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ತಾಯಿಗೆ ವಾರಕ್ಕೊಂದು ರಜೆ, ಕಾಯಿಲೆಯಾದಾಗ ಕಡಿತವಿಲ್ಲದ ಸಂಬಳ ಕೊಡುತ್ತೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಆಕೆಯ ಎಪ್ಪತ್ತನೆಯ ವರ್ಷ ಇಂದು ನಮ್ಮ ಅಡಿಗೆಮನೆಯಲ್ಲಿ ಸಿದ್ಧವಾಗುತ್ತಿದೆ.

ಮುಪ್ಪಿನಲ್ಲಿರುವವರಿಗೆ ಇನ್ನು ತಡವಾಯಿತು ಎಂದೂ ತಿಳಿಯಬೇಡಿರಿ. ಬಾಗಿದ ಬೆನ್ನನ್ನು ನೇರ ಮಾಡುವ ಶಕ್ತಿ ನನಗಿಲ್ಲ. ಆದರೆ ಇಡೀ ಗುಳಿಗೆ ನುಂಗಿದರೆ ರಕ್ತದೊತ್ತಡ ಇಳಿಯುತ್ತದೆ. ಹೊಗೆಯಿಲ್ಲದ ಒಲೆ, ಬಚ್ಚಲಲ್ಲಿ ಹಿಡಿಯಲು ಒಂದು ಸರಳು, ದಿನಕ್ಕೊಂದು ಮೊಟ್ಟೆ, ಪಿಂಚಣಿಯ ಕಾಗದ ಹಿಡಿದು ಕಚೇರಿಗೆ ಜೊತೆಯಲ್ಲಿ ಹೋಗುವ ಒಬ್ಬ ಯೌವನಸ್ಥ ಇವೆಲ್ಲ ನಮ್ಮಿಂದ ಸಾಧ್ಯ. ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಆರಾಧನೆಯ ನಂತರ ರಕ್ತದೊತ್ತಡ ನೋಡುವ ಏರ್ಪಾಡು ಮಾಡಿದ್ದೇವೆ. ಗುಳಿಗೆ ಸಾಲುತ್ತಿದೆಯೇ ಎಂದು ಗುಟ್ಟಾಗಿ ವಿಚಾರಿಸುವ ಕೆಲಸವನ್ನು ಸ್ತ್ರೀ ಸಮಾಜದ ಇಬ್ಬರು ಸಹೋದರಿಯರು ವಹಿಸಿಕೊಂಡಿದ್ದಾರೆ. ಕೇಳಿದಾಗ ತಿಳಿಯಿತು, ಗುಳಿಗೆಯನ್ನು ತುಂಡು ಮಾಡುತ್ತಿದ್ದವಳು ನನ್ನ ಅಕ್ಕ ಒಬ್ಬಳೇ ಅಲ್ಲ.

ಈಗ ಪ್ರತಿ ಶನಿವಾರ ಸಂಜೆ ನಾನು ಅಕ್ಕನ ಮನೆಗೆ ಹೋಗಿ ವಾರದ ಗುಳಿಗೆಗಳನ್ನು ಡಬ್ಬಿಯ ಏಳು ಮನೆಗಳಲ್ಲಿ ತುಂಬಿಡುತ್ತೇನೆ. ಮೊದಲ ದಿನ ಅವಳು ದುಡ್ಡಿನ ಮಾತೆತ್ತಿದಳು. "ನನ್ನ ಶಾಲೆಯ ಶುಲ್ಕದ ಬಾಕಿ" ಎಂದೆ. ಅವಳು ತಲೆಯನ್ನು ಓರೆಯಾಗಿ ಎತ್ತಿ, ಬಹಳ ಹೊತ್ತು ನನ್ನ ಮುಖ ನೋಡಿದಳು. ಬೆನ್ನು ಬಾಗಿದವರು ಇನ್ನೊಬ್ಬರ ಮುಖ ನೋಡಲು ಹಾಗೆಯೇ ಕತ್ತು ತಿರುಗಿಸಬೇಕಾಗುತ್ತದೆ. ಈಗ ಅವಳೊಡನೆ ಮಾತನಾಡುವಾಗ ನಾನು ನೆಲದ ಮೇಲೆ ಕುಳಿತುಕೊಳ್ಳುತ್ತೇನೆ.

ಮುಂದಿನ ಭಾನುವಾರ ನಿಮ್ಮ ದೇವಾಲಯದ ಹಿಂದಿನ ಬೆಂಚಿನ ಕಡೆಗೆ ಒಮ್ಮೆ ತಿರುಗಿ ನೋಡಿರಿ. ಕೇಳದವರನ್ನೂ ಕಂಡು ಕರೆಯುವ ಕಣ್ಣುಗಳನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.